ಮಳೆಗೆ ರಜೆ ಕೊಟ್ಟರೆ ಸರಿ, ಮಧ್ಯಾಹ್ನ ಬಿಟ್ಟರೆ?

ಪ್ರಶ್ನೆ: ನನ್ನ ಮಗ ನಾಲ್ಕನೇ ಕ್ಲಾಸು. ಕಳೆದ ವಾರ ಮಳೆ ಜೋರಾಯಿತು ಅಂತ ಶಾಲೆಯವರು ಹನ್ನೊಂದೂವರೆಗೆ ವಾಟ್ಸಾಪ್ ಗ್ರೂಪಿನಲ್ಲಿ 'ಹನ್ನೆರಡಕ್ಕೆ ಬಿಡುತ್ತೇವೆ, ಮಕ್ಕಳನ್ನು ಕರೆದುಕೊಂಡು ಹೋಗಿ' ಅಂತ ಹಾಕಿದರು. ನಾನು ಉಡುಪಿಯಲ್ಲಿ ಕೆಲಸದಲ್ಲಿದ್ದೆ, ಮೊಬೈಲ್ ನೋಡಿದ್ದೇ ಊಟದ ಹೊತ್ತಿಗೆ. ರಿಕ್ಷಾದವರು ಬರುವುದು ನಾಲ್ಕಕ್ಕೆ. ಮಗ ಪಕ್ಕದ ಮನೆ ಹುಡುಗನ ಜೊತೆ ನಡೆದೇ ಬಂದಿದ್ದಾನೆ, ದಾರಿಯಲ್ಲಿ ತೋಡು (ಸಣ್ಣ ಹಳ್ಳ) ಬೇರೆ ಇದೆ. ಕೇಳಿದರೆ 'ಮೆಸೇಜ್ ಹಾಕಿದ್ದೆವಲ್ಲ' ಅಂತಾರೆ.
— ಕುಂದಾಪುರ ತಾಲೂಕಿನ ತಾಯಿ

ಉತ್ತರ: ಮೆಸೇಜ್ ಹಾಕಿದರೆ ಸಾಲದು ಅಕ್ಕ. ನೀವು ಅದನ್ನು ನೋಡಿದಿರಾ, ಮಗುವನ್ನು ಯಾರು ಕರೆದುಕೊಂಡು ಹೋದರು, ಇಷ್ಟು ಗೊತ್ತಾಗುವವರೆಗೆ ಹುಡುಗ ಗೇಟು ದಾಟಬಾರದು.

ಬೆಳಿಗ್ಗೆಯೇ ರಜೆ ಕೊಟ್ಟರೆ ಮಗು ಮನೆಯಲ್ಲೇ ಇರುತ್ತದೆ. ನಡುವೆ ಬಿಟ್ಟರೆ ಮಳೆ ಹೊಡೆಯುತ್ತಿರುವಾಗಲೇ, ದೊಡ್ಡವರು ಯಾರೂ ಇಲ್ಲದ ಹೊತ್ತಿನಲ್ಲಿ, ಅದನ್ನು ದಾರಿಗೆ ಬಿಟ್ಟ ಹಾಗೆ. ನಮ್ಮ ಕರಾವಳಿಯಲ್ಲಿ ಅಪಾಯ ಇರುವುದೇ ದಾರಿಯಲ್ಲಿ ಅಲ್ವಾ? 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲೂಕಿನ ಕಾಲ್ತೋಡಿನಲ್ಲಿ ಎರಡನೇ ಕ್ಲಾಸಿನ ಹುಡುಗಿಯೊಬ್ಬಳು ಶಾಲೆ ಮುಗಿಸಿ ಬರುವಾಗ ಕಾಲುಸಂಕದಿಂದ (ನಡೆದು ದಾಟುವ ಕಿರುಸೇತುವೆ) ಜಾರಿ ನೀರುಪಾಲಾದಳು. ನಿಮ್ಮ ಪಕ್ಕದ ತಾಲೂಕು, ನಿಮಗೂ ನೆನಪಿರಬಹುದು. ಕಟ್ಟಡ ಗಟ್ಟಿ ಇದ್ದು ಅಂಗಳಕ್ಕೆ ನೀರು ನುಗ್ಗದಿದ್ದರೆ ಮಳೆ ಇಳಿಯುವವರೆಗೆ ಶಾಲೆಯ ಒಳಗೇ ಕೂರಿಸುವುದು ವಾಸಿ. ಗೋಡೆ ಬಿರುಕು ಬಿಟ್ಟ, ಹೆಂಚು ಹಾರುವ ಹಳೇ ಶಾಲೆಯಾದರೆ ಮಾತು ಬೇರೆ. ಆಗಲೂ ಹತ್ತಿರದ ಭದ್ರ ಕಟ್ಟಡಕ್ಕೆ ಟೀಚರೇ ಕರೆದುಕೊಂಡು ಹೋಗಬೇಕು, ಮಕ್ಕಳನ್ನು ಅವರವರ ಪಾಡಿಗೆ ಬಿಡುವುದಲ್ಲ.

ಈಗ ಜಗಳ ಬೇಡ, ಒಂದು ಚೀಟಿ ಬರೆದುಕೊಡಿ. ಮಗುವನ್ನು ಕರೆದೊಯ್ಯಬಹುದಾದ ಇಬ್ಬರು ಮೂವರ ಹೆಸರು, ನಂಬರು. ಅಜ್ಜ, ಚಿಕ್ಕಮ್ಮ, ರಿಕ್ಷಾದವರು, ಯಾರಾದರೂ ಸರಿ, ಹಗಲು ಹೊತ್ತು ಊರಲ್ಲೇ ಇರುವವರಾಗಬೇಕು. ಇವರನ್ನು ಬಿಟ್ಟು ಬೇರೆ ಯಾರ ಜೊತೆಗೂ, ಒಬ್ಬನನ್ನೇ ಕೂಡ, ಕಳಿಸಬೇಡಿ ಅಂತ ಕೆಳಗೆ ಬರೆದು ಸಹಿ ಹಾಕಿ. ಒಂದು ಪ್ರತಿ ನಿಮ್ಮ ಹತ್ತಿರ ಇರಲಿ. ರಿಕ್ಷಾದವರನ್ನೂ ಆ ವಾಟ್ಸಾಪ್ ಗ್ರೂಪಿಗೆ ಸೇರಿಸಿ ಅನ್ನಿ, ಯಾರಿಗೂ ಹೊಳೆಯದ ಸಣ್ಣ ವಿಷಯ ಅದು. ಬೇಗ ಬಿಡುವ ದಿನ ಟೀಚರ್ ಫೋನೇ ಮಾಡಬೇಕು, ಕರೆದೊಯ್ದವರು ಪುಸ್ತಕದಲ್ಲಿ ಸಹಿ ಹಾಕಬೇಕು. ಇದನ್ನು ಪೋಷಕರ ಸಭೆಯಲ್ಲಿ ನಾಲ್ಕು ಜನ ಸೇರಿ ಕೇಳಿ, ಒಬ್ಬರೇ ಕೇಳಿದರೆ 'ನಿಮ್ಮದೊಂದು ಜಾಸ್ತಿಯಾಯಿತು' ಅಂತಾರೆ. ಸರ್ಕಾರಿ ಶಾಲೆಯಾದರೆ ಬಿಸಿಯೂಟ ಹಾಕಿಯೇ ಕಳಿಸಿ ಅಂತಲೂ ಹೇಳಿ.

ಮಗನಿಗೂ ಹೇಳಿಡಿ: ಯಾರೂ ಬರದಿದ್ದರೆ ಶಾಲೆಯ ಜಗಲಿಯಲ್ಲೇ ಕೂತಿರು, ಕೊಡೆ ಇದೆ ಅಂತ ಹೊರಡಬೇಡ.

ಪ್ರಶ್ನೆ: ಡಿಸಿ ರಜೆ ಆದೇಶ ಬಂದದ್ದು ಬೆಳಿಗ್ಗೆ ಏಳೂಕಾಲಿಗೆ. ಅಷ್ಟೊತ್ತಿಗೆ ಮಗಳು ಬಸ್ ಹತ್ತಿ ಆಗಿತ್ತು. ರಾತ್ರಿಯೇ ಹೇಳಲು ಏನು ಕಷ್ಟ?
— ಸುಳ್ಯದ ಓದುಗರು

ಉತ್ತರ: ಸಿಟ್ಟು ನ್ಯಾಯವೇ. ಆದರೆ ಅವರ ಕಷ್ಟವೂ ಸ್ವಲ್ಪ ಇದೆ. 24 ಗಂಟೆಯಲ್ಲಿ 204.4 ಮಿ.ಮೀ. ದಾಟುವ ಮಳೆ ಬರಬಹುದು ಅಂದರೆ ಹವಾಮಾನ ಇಲಾಖೆ ಸಾಮಾನ್ಯವಾಗಿ ರೆಡ್ ಅಲರ್ಟ್ ಕೊಡುತ್ತದೆ, 115.6 ದಾಟಿದರೆ ಆರೆಂಜ್. ರೆಡ್ ಇದ್ದರೆ ಎಷ್ಟೋ ಸಲ ಹಿಂದಿನ ಸಂಜೆಯೇ ಆದೇಶ ಬಂದುಬಿಡುತ್ತದೆ. ಪೇಚಾಟ ಇರುವುದು ಆರೆಂಜ್‌ನಲ್ಲಿ. ಮುನ್ಸೂಚನೆ ಇಡೀ ಜಿಲ್ಲೆಗೆ, ಮಳೆ ಮಾತ್ರ ಸುಬ್ರಹ್ಮಣ್ಯದಲ್ಲಿ ಸುರಿದು ಮಂಗಳೂರಿನಲ್ಲಿ ಬಿಸಿಲು! ರಜೆ ಕೊಟ್ಟ ದಿನ ಬಿಸಿಲು ಬಂದರೆ ಬೈಯುವವರೂ ನಾವೇ. ಹಾಗಾಗಿ ತಾಲೂಕಿಗಷ್ಟೇ ರಜೆ ಕೊಡುವುದೂ ಉಂಟು. ಆದರೂ ಘಟ್ಟದ ಬುಡದ ತಾಲೂಕುಗಳಲ್ಲಿ ಮಕ್ಕಳು ಬೆಳಗಾಗುವ ಮೊದಲೇ ಹೊರಡುತ್ತಾರೆ, ಆರು ಗಂಟೆ ಒಳಗಾದರೂ ಹೇಳಿ ಅಂತ ಕೇಳುವ ಹಕ್ಕು ನಿಮಗಿದೆ.

ಇನ್ನೊಂದು, ರಾತ್ರಿ ವಾಟ್ಸಾಪ್‌ನಲ್ಲಿ ಬರುವ ಆದೇಶದ ಫೋಟೋ ನಂಬಬೇಡಿ. ಹಳೇ ಆದೇಶಕ್ಕೆ ಹೊಸ ತಾರೀಖು ಹಾಕಿ ಹರಿಬಿಡುವ ಪುಂಡರು ಪ್ರತಿ ಮಳೆಗಾಲಕ್ಕೂ ಹುಟ್ಟುತ್ತಾರೆ. ಶಾಲೆಗೇ ಕೇಳಿ, ಇಲ್ಲವೇ ಜಿಲ್ಲಾ ಕಂಟ್ರೋಲ್ ರೂಮ್ 1077ಕ್ಕೆ ಫೋನ್ ಮಾಡಿ.

ಪ್ರಶ್ನೆ: ಮಳೆ ರಜೆಗೆ ಶನಿವಾರ ಮಧ್ಯಾಹ್ನವೂ ಕ್ಲಾಸಂತೆ. ಇದು ಶಿಕ್ಷೆಯಲ್ಲವೇ?
— ಎಂಟನೇ ಕ್ಲಾಸಿನ ಹುಡುಗ, ತೀರ್ಥಹಳ್ಳಿ

ಉತ್ತರ: ಪಾಠ ಮುಗಿಯಬೇಕಲ್ಲಪ್ಪ. ಬೇಕಾದರೆ ಮೇಷ್ಟ್ರ ಹತ್ತಿರ ರಜೆ ದಿನವೇ ಆನ್‌ಲೈನ್ ಕ್ಲಾಸ್ ಮಾಡಿ ಅಂತ ಕೇಳಿ ನೋಡು, ನಿಮ್ಮೂರಲ್ಲಿ ಆ ಹೊತ್ತಿಗೆ ಕರೆಂಟು ಇದ್ದರೆ.