ಬೈಪಾಸ್ ಆದ ಮೇಲೆ ಮರೆವು, ಸಿಟ್ಟು, ಅಳು: ಇದು ಹೀಗೇ ಉಳಿಯುತ್ತದಾ?

ಪ್ರಶ್ನೆ: ನಮ್ಮ ಯಜಮಾನರಿಗೆ 64 ವರ್ಷ. ಬ್ಯಾಂಕಿನಿಂದ ನಿವೃತ್ತರು. ಎರಡೂವರೆ ತಿಂಗಳ ಹಿಂದೆ ಮಂಗಳೂರಿನಲ್ಲಿ ಬೈಪಾಸ್ ಆಯಿತು. ಎಕೋ ರಿಪೋರ್ಟ್ ಚೆನ್ನಾಗಿದೆ. ಆದರೆ ಮನುಷ್ಯ ಮೊದಲಿನ ಹಾಗಿಲ್ಲ. ಐಸಿಯುನಲ್ಲಿದ್ದಾಗ ಗೋಡೆ ಮೇಲೆ ಹಾವು ಹರಿಯುತ್ತಿದೆ ಎಂದು ಕೂಗಿದ್ದರಂತೆ. ಅದು ಎರಡು ದಿನದಲ್ಲಿ ಹೋಯಿತು. ಈಗ ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುತ್ತಾರೆ, ಮಾತಾಡುತ್ತಾ ಶಬ್ದ ಸಿಗದೆ ನಿಲ್ಲುತ್ತಾರೆ. ತಾಳಮದ್ದಳೆಯಲ್ಲಿ ಗಂಟೆಗಟ್ಟಲೆ ಅರ್ಥ ಹೇಳುತ್ತಿದ್ದವರು ಈಗ ಕರೆದರೂ ಹೋಗುವುದಿಲ್ಲ. ಸಣ್ಣ ಮಾತಿಗೂ ಸಿಟ್ಟು. ಟಿವಿ ನೋಡುತ್ತಾ ಅಳು. ಬೆಳಗಿನ ಜಾವ ನಾಲ್ಕಕ್ಕೇ ಎಚ್ಚರ. ‘ಮೆಷಿನ್‌ಗೆ ಹಾಕಿದರೆ ಮೆದುಳು ಹಾಳಾಗುತ್ತದೆ’ ಎಂದು ನೆಂಟರು ಹೇಳುತ್ತಾರೆ. ನಿಜವಾ?
– ಹೆಸರು ಬೇಡ, ಉಡುಪಿ

ಉತ್ತರ: ಮೊದಲು ಆ ಹಾವಿನ ವಿಷಯ ಹೇಳುತ್ತೇನೆ. ಅದಕ್ಕೆ ಡೆಲಿರಿಯಂ ಎನ್ನುತ್ತಾರೆ. ಹೃದಯದ ಆಪರೇಷನ್ ಆದ ಮೊದಲ ಕೆಲವು ದಿನಗಳಲ್ಲಿ, ಅದರಲ್ಲೂ 60 ದಾಟಿದವರಲ್ಲಿ, ಇದು ತುಂಬ ಮಂದಿಗೆ ಆಗುತ್ತದೆ. ಅರಿವಳಿಕೆ, ನೋವಿನ ಮದ್ದು, ನಿದ್ದೆಗೇಡು, ಹಗಲು ರಾತ್ರಿ ಒಂದೇ ರೀತಿ ಉರಿಯುವ ಲೈಟು, ಕಣ್ಣಿಗೆ ಕನ್ನಡಕ ಇಲ್ಲದ್ದು, ಎಲ್ಲ ಸೇರಿ ಮೆದುಳಿಗೆ ಗೊಂದಲವಾಗುತ್ತದೆ. ಅದು ಹುಚ್ಚಲ್ಲ. ಆದರೆ ಡೆಲಿರಿಯಂ ಆದವರ ನೆನಪು ತಿಳಿಯಾಗಲು ಉಳಿದವರಿಗಿಂತ ಜಾಸ್ತಿ ಸಮಯ ಬೇಕಾಗುತ್ತದೆ. ಇನ್ನೊಂದು ವಿಷಯ, ಅಲ್ಲಿ ಕಂಡದ್ದು ಎಷ್ಟೋ ಜನರಿಗೆ ನೆನಪಿರುತ್ತದೆ. ನಾಚಿಕೆಯಿಂದ ಯಾರಿಗೂ ಹೇಳುವುದಿಲ್ಲ. ಒಮ್ಮೆ ಸಮಾಧಾನದಲ್ಲಿ ಕೇಳಿ ನೋಡಿ. ಹೇಳಿಕೊಂಡರೆ ಅವರ ಮನಸ್ಸು ಹಗುರಾಗಬಹುದು.

ಇನ್ನು ಮೆಷಿನ್. ಹೃದಯ ನಿಲ್ಲಿಸಿ ಹೊಲಿಗೆ ಹಾಕುವಾಗ ರಕ್ತವನ್ನು ಹಾರ್ಟ್-ಲಂಗ್ ಮೆಷಿನ್ ಓಡಿಸುತ್ತದೆ. ಆಗ ಕೊಬ್ಬಿನ, ಗಾಳಿಯ ಸಣ್ಣ ಸಣ್ಣ ಕಣಗಳು ಮೆದುಳಿಗೆ ಹೋಗಬಹುದು, ಮೈಯಲ್ಲಿ ಉರಿಯೂತವೂ ಏಳುತ್ತದೆ. ನೆಂಟರ ಮಾತಿಗೆ ಬೇರು ಇಲ್ಲಿದೆ. 2001ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಬೈಪಾಸ್ ಆದ 261 ಜನರ ನೆನಪು, ಗಮನ ಪರೀಕ್ಷಿಸಿದರು. ಡಿಸ್ಚಾರ್ಜ್ ಹೊತ್ತಿಗೆ 53% ಜನರಲ್ಲಿ ಇಳಿಕೆ ಇತ್ತು. ಆರು ವಾರಕ್ಕೆ ಅದು 36%ಕ್ಕೆ, ಆರು ತಿಂಗಳಿಗೆ 24%ಕ್ಕೆ ಬಂತು. ಐದು ವರ್ಷಕ್ಕೆ ಮತ್ತೆ 42% ಆಯಿತು. ಈ ಕೊನೆಯ ಅಂಕಿ ನೋಡಿ ಎಲ್ಲರೂ ಹೆದರಿದರು. ಆಮೇಲೆ ಜಾನ್ಸ್ ಹಾಪ್ಕಿನ್ಸ್ ಸಂಶೋಧಕರು, ಹೃದಯದ ರಕ್ತನಾಳ ಕಟ್ಟಿದ್ದರೂ ಬೈಪಾಸ್ ಮಾಡಿಸಿಕೊಳ್ಳದವರನ್ನೂ ಜೊತೆಗಿಟ್ಟು ನೋಡಿದರು. ವರ್ಷಗಳು ಕಳೆದಾಗ ಅವರಲ್ಲೂ ಹೆಚ್ಚುಕಡಿಮೆ ಅಷ್ಟೇ ಇಳಿಕೆ ಕಂಡಿತು. ಅಂದರೆ ಮೊದಲ ತಿಂಗಳುಗಳ ಮಂಕಿಗೆ ಆಪರೇಷನ್ ಕಾರಣ ಇರಬಹುದು, ಅದು ಹೆಚ್ಚಿನವರಲ್ಲಿ ಇಳಿಯುತ್ತದೆ. ವರ್ಷಗಳ ನಂತರ ಬರುವ ಮರೆವಿಗೆ ಮೆಷಿನ್‌ಗಿಂತ ಬಿಪಿ, ಶುಗರ್, ಕೊಲೆಸ್ಟ್ರಾಲ್, ಬೀಡಿ-ಸಿಗರೇಟೇ ದೊಡ್ಡ ಕಾರಣ. ಎರಡೂವರೆ ತಿಂಗಳು ಇನ್ನೂ ಚೇತರಿಕೆಯ ಸಮಯ. ಈಗಲೇ ‘ಡಿಮೆನ್ಷಿಯಾ’ (ಮರೆಗುಳಿ ಕಾಯಿಲೆ) ಎಂದು ಹಣೆಪಟ್ಟಿ ಹಚ್ಚಬೇಡಿ.

ನಿಜ ಹೇಳಬೇಕೆಂದರೆ, ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ಚಿಂತೆ ತಂದದ್ದು ಕನ್ನಡಕ ಹುಡುಕುವುದಲ್ಲ. ನಾಲ್ಕು ಗಂಟೆಯ ಎಚ್ಚರ, ಸಿಟ್ಟು, ಅಳು, ಇಷ್ಟದ ತಾಳಮದ್ದಳೆಯೂ ಬೇಡ ಅನ್ನಿಸುವುದು. ಇವೆಲ್ಲ ಒಟ್ಟಿಗೆ ಎರಡು ವಾರಕ್ಕಿಂತ ಹೆಚ್ಚು ಇದ್ದರೆ ಖಿನ್ನತೆಯನ್ನು ಯೋಚಿಸಲೇಬೇಕು. ಬೈಪಾಸ್ ಆದ ಸುಮಾರು ಐದು ಜನರಲ್ಲಿ ಒಬ್ಬರಿಗೆ ಚಿಕಿತ್ಸೆ ಬೇಕಾಗುವಷ್ಟು ಖಿನ್ನತೆ ಇರುತ್ತದೆ. ನಮ್ಮ ಕಡೆ ಗಂಡಸರು ‘ಬೇಸರ’ ಎಂದು ಬಾಯಿಬಿಟ್ಟು ಹೇಳುವುದೇ ಅಪರೂಪ. ಅದು ಸಿಟ್ಟಾಗಿ ಹೊರಬರುತ್ತದೆ. ಮನೆಯವರ ಗಮನವೂ ಎದೆಯ ಗಾಯ, ರಕ್ತನಾಳ ತೆಗೆದ ಕಾಲಿನ ಗಾಯದ ಮೇಲೇ ಇರುತ್ತದೆ. ಖಿನ್ನತೆ ಇದ್ದರೆ ಗಮನ ನಿಲ್ಲುವುದಿಲ್ಲ, ಗಮನ ನಿಲ್ಲದಿದ್ದರೆ ನೆನಪೂ ಉಳಿಯುವುದಿಲ್ಲ. ಹಾಗಾಗಿ ಮನಸ್ಸಿಗೆ ಚಿಕಿತ್ಸೆ ಸಿಕ್ಕಿದರೆ ಮರೆವೂ ಎಷ್ಟೋ ಕಡಿಮೆಯಾಗಬಹುದು. ‘ಜೀವ ಉಳಿದಿದೆ, ಇನ್ನೇನು ಬೇಸರ ನಿಮಗೆ’ ಎಂದು ಮಾತ್ರ ದಯವಿಟ್ಟು ಯಾರೂ ಹೇಳಬೇಡಿ. ಅದು ಕೃತಘ್ನತೆಯಲ್ಲ, ಕಾಯಿಲೆ.

ಚಿಕಿತ್ಸೆ ಕಷ್ಟದ್ದೇನಲ್ಲ. ಸರ್ಟ್ರಾಲಿನ್‌ನಂತಹ ಮಾತ್ರೆಗಳನ್ನು ಹೃದಯದ ರೋಗಿಗಳಲ್ಲಿ ಪರೀಕ್ಷಿಸಿ ನೋಡಿದ್ದಾರೆ. ಯಾವುದು, ಎಷ್ಟು ಎಂದು ಮನೋವೈದ್ಯರು ಕಾರ್ಡಿಯಾಲಜಿಸ್ಟ್ ಜೊತೆ ಮಾತಾಡಿ ನಿರ್ಧರಿಸಲಿ. 2009ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಬೈಪಾಸ್ ಆಗಿ ಖಿನ್ನತೆ ಬಂದವರಿಗೆ ನರ್ಸ್‌ಗಳು ಎಂಟು ತಿಂಗಳು ಫೋನ್‌ನಲ್ಲೇ ವಿಚಾರಿಸುತ್ತಾ, ಚಿಕಿತ್ಸೆ ಸರಿಯಾಗಿ ಸಿಗುವ ಹಾಗೆ ನೋಡಿಕೊಂಡರು. ಅಷ್ಟರಿಂದಲೇ ಜನರ ಮನಸ್ಸು ಸುಧಾರಿಸಿತ್ತು. ನಮ್ಮ ಆಸ್ಪತ್ರೆಗಳೂ ಇದನ್ನು ಮಾಡಬೇಕು. ಆಪರೇಷನ್‌ಗೆ ಮೊದಲೇ ‘ಸ್ವಲ್ಪ ದಿನ ಮರೆವು, ಅಳು ಬರಬಹುದು’ ಎಂದು ಮನೆಯವರನ್ನು ಕೂರಿಸಿ ಹೇಳಿದರೆ ಅರ್ಧ ಭಯ ಅಲ್ಲೇ ಕಡಿಮೆಯಾಗುತ್ತದೆ.

ಮುಂದಿನ ಭೇಟಿಗೆ ಅವರ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಬಿಪಿ, ಎದೆಬಡಿತ ಇಳಿಸಲು ಕೊಡುವ ಮೆಟೊಪ್ರೊಲಾಲ್‌ನಿಂದ ಕೆಲವರಿಗೆ ಸುಸ್ತು, ಕೆಟ್ಟ ಕನಸು ಬರುತ್ತದೆ. ನಿದ್ದೆ ಮಾತ್ರೆ ತಲೆಯನ್ನು ಮಂಕಾಗಿಸುತ್ತದೆ. ಆದರೆ ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ, ಆಸ್ಪಿರಿನ್ ಮತ್ತು ಸ್ಟ್ಯಾಟಿನ್ (ಕೊಲೆಸ್ಟ್ರಾಲ್ ಮಾತ್ರೆ) ಅಂತೂ ಖಂಡಿತ ಬೇಡ. ಹಿಮೋಗ್ಲೋಬಿನ್, ಸೋಡಿಯಂ, ಥೈರಾಯ್ಡ್, ಬಿ12 ನೋಡಿಸಿ. ಸಸ್ಯಾಹಾರಿಗಳಲ್ಲಿ, ಶುಗರ್‌ಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಬಿ12 ಕಡಿಮೆ ಇರುವುದು ಮಾಮೂಲು. ಜೋರು ಗೊರಕೆ, ನಡುವೆ ಉಸಿರು ನಿಂತ ಹಾಗಾಗುವುದು ಇದ್ದರೆ ಅದನ್ನೂ ಹೇಳಿ.

ಮನೆಯಲ್ಲಿ ‘ನಿನ್ನೆ ಯಾರು ಬಂದಿದ್ದರು, ಹೇಳಿ ನೋಡುವಾ’ ಎಂದು ಪರೀಕ್ಷೆ ಮಾಡಬೇಡಿ. ಒಂದು ನೋಟ್‌ಬುಕ್, ವಾರದ ಮಾತ್ರೆ ಡಬ್ಬಿ, ಕನ್ನಡಕಕ್ಕೆ ಒಂದೇ ಜಾಗ ಇರಲಿ. ವೈದ್ಯರು ಹೇಳಿದಷ್ಟು ದಿನಾ ನಡೆಯಲಿ, ಮಳೆ ಜಾಸ್ತಿಯಾದರೆ ಜಗಲಿಯಲ್ಲೇ ಸಾಕು. ತಾಳಮದ್ದಳೆಗೆ ಮೊದಲು ಕೇಳುಗರಾಗಿ ಒಂದು ಗಂಟೆ ಕೂತು ಬರಲಿ. ಎದುರಿನವರ ಮಾತು ಕೇಳಿಸಿಕೊಂಡು, ಅದಕ್ಕೆ ಸ್ಥಳದಲ್ಲೇ ಉತ್ತರ ಕಟ್ಟುವುದು ಚೇತರಿಸಿಕೊಳ್ಳುತ್ತಿರುವ ಮೆದುಳಿಗೆ ದೊಡ್ಡ ಕೆಲಸ. ಹಾಗಾಗಿ ಒಂದೇಸಲ ಕರ್ಣನ ಅರ್ಥಕ್ಕೆ ಕೂರಿಸಬೇಡಿ. ಮನೆಯಲ್ಲೇ ಗೆಳೆಯರೊಬ್ಬರ ಜೊತೆ ಹತ್ತು ನಿಮಿಷ, ಆಮೇಲೆ ಸಣ್ಣ ಪಾತ್ರ.

ಬಾಯಿ ಸೊಟ್ಟಗಾದರೆ, ಕೈಕಾಲು ಸೋತರೆ, ಮಾತು ಇದ್ದಕ್ಕಿದ್ದಂತೆ ತೊದಲಿದರೆ ತಡ ಮಾಡದೆ 108ಕ್ಕೆ ಕರೆ ಮಾಡಿ. ಅದು ಸ್ಟ್ರೋಕ್ ಇರಬಹುದು. ‘ಬದುಕಿ ಏನು ಪ್ರಯೋಜನ’ ಎಂಬ ಮಾತು ಬಂದರೆ ಅವತ್ತೇ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ, ಒಬ್ಬರೇ ಇರಲು ಬಿಡಬೇಡಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಅದು ನಿಮಗೂ ಇದೆ. ನಾಲ್ಕು ಗಂಟೆಗೆ ಅವರ ಜೊತೆ ನೀವೂ ಏಳುತ್ತಿದ್ದೀರಿ, ಅಲ್ವಾ?

ಪ್ರಶ್ನೆ: ಅಮ್ಮನಿಗೆ 70 ವರ್ಷ, ಬೈಪಾಸ್ ಹೇಳಿದ್ದಾರೆ. ಮೆಷಿನ್ ಇಲ್ಲದೆ, ಹೃದಯ ಬಡಿಯುತ್ತಿರುವಾಗಲೇ ಮಾಡಿದರೆ ಮರೆವು ಬರುವುದಿಲ್ಲವಂತೆ. ಅದನ್ನೇ ಕೇಳಲಾ?
– ಒಬ್ಬ ಮಗ, ಸುರತ್ಕಲ್

ಉತ್ತರ: ಮರೆವಿಗೆ ಹೆದರಿ ಅದನ್ನೇ ಹಟ ಹಿಡಿಯಬೇಕಿಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ 281 ಜನರನ್ನು ಎರಡು ಗುಂಪು ಮಾಡಿ ಎರಡೂ ವಿಧಾನ ಹೋಲಿಸಿದರು. ಒಂದು ವರ್ಷಕ್ಕೂ, ಐದು ವರ್ಷಕ್ಕೂ ಮರೆವಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಅಮ್ಮನ ರಕ್ತನಾಳಗಳಿಗೆ ಯಾವುದು ಹೊಂದುತ್ತದೆ, ಸರ್ಜನ್‌ಗೆ ಯಾವುದರಲ್ಲಿ ಕೈ ಪಳಗಿದೆ, ಅದು ಮುಖ್ಯ. ಈಗಲೇ ಮರೆವು, ಬೇಸರ ಇದ್ದರೆ ಆಪರೇಷನ್‌ಗೆ ಮೊದಲೇ ಹೇಳಿ ಬರೆಸಿಡಿ. ಅಮ್ಮನ ಕನ್ನಡಕ, ಕಿವಿಯ ಮೆಷಿನ್ ಇದ್ದರೆ ಐಸಿಯು ನರ್ಸ್ ಕೈಗೆ ಕೊಟ್ಟು, ಎಚ್ಚರವಾದ ಕೂಡಲೇ ಹಾಕಲು ಹೇಳಿ. ಒಳಗೆ ಬಿಟ್ಟಾಗ ನಿಮ್ಮ ಹೆಸರು, ಅವತ್ತಿನ ವಾರ, ಅವರು ಎಲ್ಲಿದ್ದಾರೆ ಎಂಬುದನ್ನು ನಿಧಾನವಾಗಿ ಹೇಳಿ. ಮನೆಯಲ್ಲಿ ತುಳು ಮಾತಾಡುವವರಾದರೆ ತುಳುವಿನಲ್ಲೇ ಹೇಳಿ.