ಬೇಲಿಯ ಮೇಲೆ ಹಬ್ಬಿರುವುದು ಗೌರಿ ಹೂವು

ತೀರ್ಥಹಳ್ಳಿಯ ತಮ್ಮ ತೋಟದ ಬೇಲಿಯಲ್ಲಿ ಬೆಂಕಿಯ ನಾಲಗೆಯಂತೆ ಅರಳಿರುವ ಹೂವಿನ ಹೆಸರೇನು, ಅದರ ಗೆಡ್ಡೆ ಮನೆಮದ್ದಿಗೆ ಆದೀತೇ ಎಂದು ಕೇಳಿದ್ದೀರಿ. ಎಲೆಯ ತುದಿಯೇ ಸುರುಳಿಯಾಗಿ ಪಕ್ಕದ ಪೊದೆಯ ಕಡ್ಡಿಯನ್ನು ಸುತ್ತಿ ಹಿಡಿದಿದ್ದರೆ, ಅಲೆಯಂಚಿನ ಆರು ದಳಗಳು ಹಿಂದಕ್ಕೆ ಬಾಗಿ, ಮೊದಲು ಹಸಿರು ಹಳದಿಯಾಗಿದ್ದು ದಿನ ಕಳೆದಂತೆ ಕೆಂಪೇರುತ್ತಿದ್ದರೆ, ಅದು ಗ್ಲೋರಿಯೋಸಾ ಸುಪರ್ಬಾ ಎಂಬುದರಲ್ಲಿ ಅನುಮಾನವಿಲ್ಲ. ಭಾದ್ರಪದದ ಹಬ್ಬದ ಹೊತ್ತಿಗೆ ಅರಳಿ ಗೌರಿಯ ಪೂಜೆಗೆ ಸಲ್ಲುವುದರಿಂದ ಮಲೆನಾಡಿನಲ್ಲಿ ಇದು ಗೌರಿ ಹೂವು. ಅಗ್ನಿಶಿಖೆ ಎಂದರೂ ಇದೇ. ಗೆಡ್ಡೆ ನೇಗಿಲಿನ ಆಕಾರದಲ್ಲಿರುವುದರಿಂದ ಸಂಸ್ಕೃತದಲ್ಲಿ ಲಾಂಗಲಿ ಎಂಬ ಹೆಸರೂ ಉಂಟು. (ನೆರೆಯ ತಮಿಳುನಾಡು ಇದನ್ನೇ ರಾಜ್ಯಪುಷ್ಪವಾಗಿಸಿಕೊಂಡಿದೆ; ನಮ್ಮಲ್ಲಿ ಬೇಲಿ ಸವರುವಾಗ ಕತ್ತಿಗೆ ಸಿಕ್ಕಿ ಹೋಗುತ್ತದೆ.)

ಮದ್ದಿನ ಮಾತಿಗೆ ಬಂದರೆ, ದಯವಿಟ್ಟು ಆ ಪ್ರಯೋಗಕ್ಕೆ ಕೈಹಾಕಬೇಡಿ. ಗಿಡದ ಎಲ್ಲ ಭಾಗಗಳಲ್ಲಿಯೂ, ಗೆಡ್ಡೆ ಮತ್ತು ಬೀಜಗಳಲ್ಲಿ ವಿಶೇಷವಾಗಿ, ಕಾಲ್ಚಿಸಿನ್ ಎಂಬ ವಿಷವಿದೆ. ಗೌಟ್ ಎಂಬ ಕೀಲುನೋವಿಗೆ ವೈದ್ಯರು ಅದನ್ನೇ ಮಿಲಿಗ್ರಾಂ ಲೆಕ್ಕದಲ್ಲಿ ಕೊಡುತ್ತಾರಾದರೂ, ಗೆಣಸೆಂದು ಭ್ರಮಿಸಿ ಈ ಗೆಡ್ಡೆಯನ್ನು ತಿಂದವರು ವಾಂತಿಭೇದಿಯಿಂದ ನರಳಿ ಪ್ರಾಣ ಕಳೆದುಕೊಂಡದ್ದುಂಟು. ಆಯುರ್ವೇದವೂ ಇದನ್ನು ಉಪವಿಷಗಳ ಸಾಲಿನಲ್ಲಿರಿಸಿ, ಶುದ್ಧಿ ಮಾಡದೆ ಬಳಸುವಂತಿಲ್ಲ ಎನ್ನುತ್ತದೆ. ಹೂವನ್ನು ಪೂಜೆಗೆ ಕೊಯ್ಯಿರಿ, ಗೆಡ್ಡೆಯನ್ನು ಮಣ್ಣಿನಲ್ಲಿಯೇ ಬಿಡಿ. ಮುಂದಿನ ಮಳೆಗೆ ಅದೇ ಜಾಗದಲ್ಲಿ ಮತ್ತೆ ಚಿಗುರುತ್ತದೆ.