ವಾಕ್ಯದಲ್ಲಿ ‘ಎಂದು’ ಇದ್ದಮೇಲೂ ಪ್ರಬಂಧದಲ್ಲಿ ಉದ್ಧರಣ ಚಿಹ್ನೆ ಯಾಕೆ ಬೇಕು?

ಒಬ್ಬರ ಮಾತನ್ನು ಇದ್ದ ಹಾಗೇ ಕೊಡುವಾಗ ಬೇಕು. ಅದರ ತಾತ್ಪರ್ಯವನ್ನು ನಿಮ್ಮ ಮಾತಲ್ಲಿ ಹೇಳುವಾಗ ಬೇಡ. ‘ಎಂದು’ ಮಾತು ಎಲ್ಲಿ ಮುಗಿಯಿತೆಂದು ತೋರಿಸುತ್ತದೆ, ಎಲ್ಲಿ ಶುರುವಾಯಿತೆಂದು ತೋರಿಸುವುದಿಲ್ಲ.

ಈ ವಾಕ್ಯ ನೋಡಿ: ಅಜ್ಜ ನಿನ್ನೆ ಶಿರಸಿಗೆ ಅಡಿಕೆ ಒಯ್ದಿದ್ದೆ ಎಂದರು.

ನಿನ್ನೆ ಆದದ್ದು ಯಾವುದು? ಅಡಿಕೆ ಒಯ್ದದ್ದೋ, ಅಜ್ಜ ಹೇಳಿದ್ದೋ? ಎದುರಿಗೆ ಕೂತು ಹೇಳಿದರೆ ದನಿಯ ತಡೆಯಲ್ಲೇ ಗೊತ್ತಾಗುತ್ತದೆ. ಹಾಳೆಯ ಮೇಲೆ ಆ ಕೆಲಸ ಚಿಹ್ನೆಯದು:

ಅಜ್ಜ ನಿನ್ನೆ “ಶಿರಸಿಗೆ ಅಡಿಕೆ ಒಯ್ದಿದ್ದೆ” ಎಂದರು.
ಅಜ್ಜ “ನಿನ್ನೆ ಶಿರಸಿಗೆ ಅಡಿಕೆ ಒಯ್ದಿದ್ದೆ” ಎಂದರು.

ಪೂರ್ಣವಿರಾಮ ‘ಎಂದರು’ ಆದಮೇಲೆಯೇ, ವಾಕ್ಯ ಮುಗಿಯುವುದು ಅಲ್ಲಿ. ಪ್ರಶ್ನಾರ್ಥಕ ಚಿಹ್ನೆ ಮಾತ್ರ ಮಾತಿನ ಜೊತೆ ಒಳಗೇ ಇರಲಿ: “ಯಾವಾಗ ಬಂದ್ಯೋ?” ಎಂದು ಕೇಳಿದರು.

ಚಿಹ್ನೆ ಹಾಕಿದಿರೆಂದರೆ ಒಂದಕ್ಷರವೂ ನಿಮ್ಮದಲ್ಲ ಎಂದು ಒಪ್ಪಿಕೊಂಡ ಹಾಗೆ. ಎಡವುವುದು ಹೆಚ್ಚಾಗಿ ಇಲ್ಲೇ. ಕಾರವಾರದ ಬಗ್ಗೆ ಬರೆಯುವವರು ರವೀಂದ್ರನಾಥ ಟ್ಯಾಗೋರರನ್ನು ತರದೇ ಬಿಡುವುದಿಲ್ಲ (ಕಡಲತೀರಕ್ಕೇ ಅವರ ಹೆಸರಿದೆಯಲ್ಲ!). ಆದರೆ ಈ ಊರಿನ ನೆನಪನ್ನು ತಮ್ಮ ‘ಜೀವನಸ್ಮೃತಿ’ಯಲ್ಲಿ ಅವರು ಬರೆದದ್ದು ಬಂಗಾಳಿಯಲ್ಲಿ. ಕನ್ನಡದ ಸಾಲನ್ನು ಚಿಹ್ನೆಯೊಳಗೆ ಕೊಟ್ಟರೆ ಅನುವಾದಕರ ಹೆಸರು, ಪುಸ್ತಕ, ಪುಟಸಂಖ್ಯೆ ಹೇಳಬೇಕು, ಆ ಪದಗಳು ಅನುವಾದಕರವು. ಎಲ್ಲೋ ಓದಿದ ನೆನಪಷ್ಟೇ ಇದ್ದರೆ ಚಿಹ್ನೆ ತೆಗೆದು, ಟ್ಯಾಗೋರರು ಕಾರವಾರದ ಕಡಲನ್ನು ಮೆಚ್ಚಿ ಬರೆದಿದ್ದಾರೆ ಎಂದಷ್ಟೇ ಬರೆಯಿರಿ.